ನೆತ್ತರಿನಲ್ಲಿ ಪಯಣಿಸುವ ಗುಂಡು



ಗುಂಡೇಟು ತಿಂದವನ ಮೈಯಲ್ಲಿ ಗುಂಡು ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಗಾಯವನ್ನು ಬೆರಳಿಟ್ಟು ತೋರಿಸುತ್ತಾರೆ. ಏಟು ಬಿದ್ದ ಕಡೆಯಲ್ಲಿಯೇ ಗುಂಡು ಇರಬೇಕೆಂಬುದು ಲೋಕದ ಎಣಿಕೆ. ಬಹುಮಟ್ಟಿಗೆ ಇದು ನಿಜವೂ ಹೌದು. ಆದರೆ ಅಪರೂಪಕ್ಕೊಮ್ಮೆ ಹೊಟ್ಟೆಗೆ ಬಿದ್ದ ಗುಂಡು ಮಂಡಿಯ ಹಿಂದೆ ಸಿಕ್ಕುತ್ತದೆ; ತೊಡೆಯನ್ನು ಹೊಕ್ಕ ಚರೆ ಶ್ವಾಸಕೋಶದಲ್ಲಿ ಹೋಗಿ ಕುಳಿತಿರುತ್ತದೆ. ನಡುವೆ ಒಂದು ಗೀರೂ ಇಲ್ಲ, ಹೋದ ದಾರಿಯ ಗುರುತೂ ಇಲ್ಲ. ಇದು ಮಾಟವಲ್ಲ, ಮಂತ್ರವಲ್ಲ. ಆ ಗುಂಡು ರಕ್ತನಾಳವನ್ನು ಹೊಕ್ಕು, ನೆತ್ತರಿನ ಪ್ರವಾಹದೊಡನೆ ತೇಲಿಹೋಗಿರುತ್ತದೆ. ಈ ವಿಚಿತ್ರವಾದ ಪಯಣವನ್ನು ವೈದ್ಯರು ಹೇಗೆ ಪತ್ತೆಮಾಡುತ್ತಾರೆ, ಅದಕ್ಕೆ ಚಿಕಿತ್ಸೆ ಏನು, ನಮ್ಮಂಥ ಹಳ್ಳಿಯವರು ಇದರಿಂದ ತಿಳಿಯತಕ್ಕದ್ದೇನು ಎಂಬುದೇ ಈ ದಿನದ ಮಾತಿನ ವಿಷಯ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಾನಿರುವುದು ಶ್ರೀರಂಗಪಟ್ಟಣದ ನೆರೆಯ ಕಿರಂಗೂರಿನಲ್ಲಿ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪ ನಮ್ಮೂರಿನದು; ಬನ್ನಿಮರವೆಂದರೆ ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಮರ. ಊರಿನ ದಕ್ಷಿಣಕ್ಕೆ ಕಾವೇರಿ, ಅದರಾಚೆಗೆ ಕೋಟೆ. ೧೭೯೨ರಲ್ಲಿ ಒಮ್ಮೆ, ೧೭೯೯ರಲ್ಲಿ ಮತ್ತೊಮ್ಮೆ ಈ ಕೋಟೆಗೆ ಮುತ್ತಿಗೆ ಬಿತ್ತು. ಗುಂಡು, ಗಾಯ, ಸಾವು ಎಂಬ ಮಾತುಗಳು ನಮ್ಮ ಸೀಮೆಗೆ ಹೊಸವಲ್ಲ. ೧೭೯೯ನೆಯ ಮೇ ೪ರಂದು ಕೋಟೆ ಬಿದ್ದ ರಾತ್ರಿ ಟಿಪ್ಪು ಸುಲ್ತಾನನ ದೇಹವನ್ನು ಹುಡುಕಿದಾಗ ಅಲ್ಲಿದ್ದ ಮೇಜರ್ ಅಲನ್ ಎಂಬ ಆಂಗ್ಲ ಅಧಿಕಾರಿಯು, ಮೈಮೇಲೆ ಮೂರು ಗಾಯ, ಕಪೋಲದ ಬಳಿ ಒಂದು ಗಾಯ ಇದ್ದುವೆಂದೂ, ಗುಂಡು ಬಲಗಿವಿಯ ಸ್ವಲ್ಪ ಮೇಲೆ ಹೊಕ್ಕು ಕೆನ್ನೆಯಲ್ಲಿ ನಿಂತಿತ್ತೆಂದೂ ಬರೆದಿಟ್ಟಿದ್ದಾನೆ. ಹೊಕ್ಕದ್ದು ಒಂದೆಡೆ, ನಿಂತದ್ದು ಇನ್ನೊಂದೆಡೆ. ಇಲ್ಲಿ ಗುಂಡು ಮಾಂಸವನ್ನೂ ಮೂಳೆಯನ್ನೂ ಸೀಳಿಕೊಂಡು ಹೋದದ್ದೇ ಹೊರತು ನೆತ್ತರಿನಲ್ಲಿ ತೇಲಿದ್ದಲ್ಲ. ಆ ಕಾಲದ ತುಪಾಕಿಯ ಗುಂಡು ಹದಿನೇಳು ಮಿಲಿಮೀಟರಿನಷ್ಟು ದಪ್ಪವಾದುದು. ಅದು ತೇಲಿ ಹೋಗಬಲ್ಲಷ್ಟು ಅಗಲವಾದ ನಾಳಗಳು ನಮ್ಮ ದೇಹದಲ್ಲಿರುವುದೇ ಬೆರಳೆಣಿಕೆಯಷ್ಟು. ಆದರೂ ಗಾಯ ಹೇಳುವ ವಿಳಾಸವನ್ನು ಗುಂಡು ಪಾಲಿಸಬೇಕಾಗಿಲ್ಲ ಎಂಬ ಪಾಠ ಅಲ್ಲಿಯೂ ಇದೆ.

ನಮ್ಮ ಹಿಂದಿನವರು ಈ ಪಾಠವನ್ನು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತಾರನೆಯ ಅಧ್ಯಾಯದ ಹೆಸರು ‘ಪ್ರನಷ್ಟಶಲ್ಯ ವಿಜ್ಞಾನೀಯ’. ಎಂದರೆ, ಮೈಯೊಳಗೆ ಹೊಕ್ಕು ಕಾಣದಂತಾದ ಶಲ್ಯವನ್ನು ತಿಳಿಯುವ ಬಗೆ. ಶಲ್ಯವೆಂದರೆ ಬಾಣದ ಮೊನೆ, ಮುಳ್ಳು, ಮೂಳೆಯ ಚೂರು, ಹೊರಗಿನಿಂದ ಹೊಕ್ಕು ನೋಯಿಸುವ ಯಾವುದೇ ವಸ್ತು. ಗ್ರಂಥಕಾರನು ಅಧ್ಯಾಯದ ಮೊದಲಿಗೇ ಆ ಪದದ ಮೂಲಧಾತುವನ್ನು ಬಿಡಿಸುತ್ತಾನೆ: ಬೇಗನೆ ಹೋಗು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು ಶಲ್ಯ. ಶಲ್ಯವೆಂದರೆ ಚಲಿಸುವುದು. ವೈಯಾಕರಣರ ಈ ಒಂದು ಸೂಚನೆಯನ್ನು ನೆನಪಿನಲ್ಲಿಟ್ಟುಕೊಂಡರೆ ಈ ದಿನದ ಅರ್ಧ ಪಾಠ ಮುಗಿದಂತೆಯೇ.

ಅದೇ ಅಧ್ಯಾಯದಲ್ಲಿ ಶಲ್ಯವು ಚರ್ಮದಲ್ಲಿದ್ದರೆ ಯಾವ ಲಕ್ಷಣ, ಮಾಂಸದಲ್ಲಿದ್ದರೆ ಯಾವ ಲಕ್ಷಣ, ಮೂಳೆಯಲ್ಲಿದ್ದರೆ ಯಾವುದು ಎಂದು ಬೇರೆಬೇರೆಯಾಗಿ ಹೇಳಿದೆ. ಸಿರೆಯಲ್ಲಿ ಸಿಕ್ಕಿಕೊಂಡರೆ ಸಿರೆ ಉಬ್ಬುತ್ತದೆ, ನೋಯುತ್ತದೆ, ಬಾಯುತ್ತದೆ. ಧಮನಿಯಲ್ಲಿದ್ದರೆ ನೊರೆಗೂಡಿದ ರಕ್ತವು ಸದ್ದಿನೊಡನೆ ಹೊರಬೀಳುತ್ತದೆ. ಕಾಣದ ಶಲ್ಯವನ್ನು ಹುಡುಕಲು ಉಪಾಯಗಳೂ ಉಂಟು. ಸಂಶಯವಿರುವ ಕಡೆ ಗಟ್ಟಿಯಾದ ತುಪ್ಪವನ್ನೋ ಗಂಧದ ಲೇಪವನ್ನೋ ಹಚ್ಚಬೇಕು. ಎಲ್ಲಿ ತುಪ್ಪ ಬೇಗ ಕರಗುತ್ತದೆಯೋ, ಎಲ್ಲಿ ಲೇಪ ಬೇಗ ಒಣಗುತ್ತದೆಯೋ ಅಲ್ಲಿ ಶಲ್ಯವಿದೆ. ಊದಿಕೊಂಡ ಜಾಗ ಬಿಸಿಯಾಗಿರುತ್ತದೆಂಬ ಅನುಭವವೇ ಇದರ ಆಧಾರ. ಸಿರೆ ಧಮನಿಗಳಲ್ಲಿ ಅಡಗಿದ್ದರೆ, ಮುರಿದ ಗಾಲಿಯ ಗಾಡಿಯಲ್ಲಿ ರೋಗಿಯನ್ನು ಕೂರಿಸಿ ಹಳ್ಳತಿಟ್ಟಿನ ದಾರಿಯಲ್ಲಿ ಓಡಿಸಬೇಕು. ಎಲ್ಲಿ ನೋವು ಕೆರಳುತ್ತದೆಯೋ ಅಲ್ಲಿ ಶಲ್ಯ.

ಇದನ್ನು ಕೇಳಿ, ನಮ್ಮವರಿಗೆ ಎಲ್ಲವೂ ಗೊತ್ತಿತ್ತೆಂದು ಹಿಗ್ಗಬೇಕಾಗಿಲ್ಲ. ಕುಲುಕಾಟದ ಗಾಡಿಯ ಮಾತಿಗೆ ನಗಬೇಕಾಗಿಯೂ ಇಲ್ಲ. ನೆತ್ತರು ಹೃದಯದಿಂದ ಹೊರಟು ಮತ್ತೆ ಹೃದಯಕ್ಕೆ ಮರಳುವ ಸುತ್ತನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಪ್ರಮಾಣಪೂರ್ವಕವಾಗಿ ತೋರಿಸಿದ್ದು ೧೬೨೮ರಲ್ಲಿ. ಅದಕ್ಕೆ ಎಷ್ಟೋ ಶತಮಾನಗಳ ಮೊದಲು, ಕಣ್ಣಿಗೆ ಕಾಣದ ವಸ್ತುವನ್ನು ಲಕ್ಷಣಗಳಿಂದ ಊಹಿಸಿ, ಊಹೆಯನ್ನು ಪರೀಕ್ಷಿಸಿ ನೋಡಬೇಕೆಂಬ ನಿಯಮವನ್ನು ಒಬ್ಬ ಶಸ್ತ್ರವೈದ್ಯ ಬರೆದಿಟ್ಟನಲ್ಲ, ಗೌರವಿಸಬೇಕಾದದ್ದು ಅದನ್ನು. ಉಪಾಯಗಳು ಹಳೆಯವಾದುವು, ನಿಯಮ ಹಳೆಯದಾಗಿಲ್ಲ. ಇಂದಿನ ವೈದ್ಯರು ಮಾತ್ರ ಗಾಡಿಯ ವಿಷಯದಲ್ಲಿ ತದ್ವಿರುದ್ಧವಾದ ಮಾತನ್ನು ಹೇಳುತ್ತಾರೆ: ಅಂಥ ರೋಗಿಯನ್ನು ಸಾಧ್ಯವಾದಷ್ಟು ಅಲುಗಾಡಿಸಬೇಡಿ. ಏಕೆಂಬುದು ಮುಂದೆ ತಿಳಿಯುತ್ತದೆ.

ಈಗ ಗುಂಡು ಪಯಣ ಮಾಡುವ ದಾರಿಯನ್ನು ನೋಡೋಣ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅಪಧಮನಿ, ಅಭಿಧಮನಿ ಎಂಬ ಹೆಸರುಗಳಿವೆ. ಕಿವಿಗೆ ಇವೆರಡೂ ಒಂದೇ ಬಗೆಯಾಗಿ ಕೇಳಿಸುವುದರಿಂದ, ಹೃದಯದಿಂದ ನೆತ್ತರನ್ನು ಮೈಗೆ ಒಯ್ಯುವುದನ್ನು ಧಮನಿಯೆಂದೂ, ಮೈಯಿಂದ ಹೃದಯಕ್ಕೆ ತರುವುದನ್ನು ಸಿರೆಯೆಂದೂ ಕರೆಯುತ್ತೇನೆ. ಮಂಡ್ಯದ ಸೀಮೆಯವರಿಗೆ ಇವುಗಳ ಸ್ವಭಾವವನ್ನು ವಿವರಿಸುವುದು ಸುಲಭ. ಧಮನಿಗಳು ನಾಲೆಗಳಿದ್ದಂತೆ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಮೊದಲು ಅಗಲವಾಗಿ ಹರಿದು, ಕವಲಾಗಿ, ಕಿರುಗಾಲುವೆಯಾಗಿ, ಕೊನೆಗೆ ತೂಬಿನ ಮೂಲಕ ಗದ್ದೆಯ ಬದುವಿಗೆ ಬರುತ್ತದೆ. ಮುಂದೆ ಮುಂದೆ ಹೋದಂತೆ ಕಿರಿದಾಗುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯ ಅಗಲ ಸುಮಾರು ಎರಡೂವರೆ ಸೆಂಟಿಮೀಟರು; ಕಾಲಿನ ಕೆಳಭಾಗಕ್ಕೆ ಬರುವ ಹೊತ್ತಿಗೆ ಅದರ ಕವಲು ಕೆಲವೇ ಮಿಲಿಮೀಟರು. ನಾಲೆಗೆ ಬಿದ್ದ ತೆಂಗಿನಕಾಯಿ ಅಗಲವಿದ್ದಷ್ಟು ದೂರ ತೇಲಿ, ಯಾವುದೋ ತೂಬಿನ ಬಾಯಲ್ಲಿ ಸಿಕ್ಕಿಕೊಂಡು, ಅದರ ಕೆಳಗಿನ ಗದ್ದೆಗೆ ನೀರಿಲ್ಲದಂತೆ ಮಾಡುವುದನ್ನು ನೀವು ಕಂಡಿದ್ದೀರಿ. ಧಮನಿಯಲ್ಲಿ ಹೊರಟ ಗುಂಡೂ ಹಾಗೆಯೇ.

ಸಿರೆಗಳು ಇದಕ್ಕೆ ವಿಪರೀತ. ಅವು ಹಳ್ಳಗಳಿದ್ದಂತೆ. ಸಣ್ಣ ತೊರೆಗಳು ಕೂಡಿ ಹಳ್ಳವಾಗಿ, ಹಳ್ಳಗಳು ಕೂಡಿ ಹೊಳೆಯಾಗುವ ಹಾಗೆ, ಅವು ಮುಂದೆ ಹೋದಂತೆ ಅಗಲವಾಗುತ್ತ ಮಹಾಸಿರೆಯಾಗಿ ಹೃದಯದ ಬಲಭಾಗವನ್ನು ಸೇರುತ್ತವೆ. ಆದ್ದರಿಂದ ಸಿರೆಯನ್ನು ಹೊಕ್ಕ ಗುಂಡಿಗೆ ನಡುದಾರಿಯಲ್ಲಿ ತಡೆಯೇ ಇಲ್ಲ. ಅದು ನೇರವಾಗಿ ಗುಂಡಿಗೆಗೇ ಬರುತ್ತದೆ. ನಮ್ಮ ಭಾಷೆಯಲ್ಲಿ ಗುಂಡು, ಗುಂಡಿಗೆ ಎಂಬ ಎರಡು ಪದಗಳು ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವಿರಬಹುದು. ದೇಹದಲ್ಲಿ ಮಾತ್ರ ಈ ನೆರೆಹೊರೆ ಬಹಳ ಅಪಾಯದ್ದು. ಅಲ್ಲಿ ಬಲ ಹೃತ್ಕುಕ್ಷಿಯ ಸ್ನಾಯುಗಳ ನಡುವೆ ಸಿಕ್ಕಿಕೊಳ್ಳಬಹುದು. ಇಲ್ಲವೆ ಮುಂದೆ ನೂಕಿಸಿಕೊಂಡು ಶ್ವಾಸಕೋಶದ ನಾಳಕ್ಕೆ ಹೋಗಿ ನಿಲ್ಲಬಹುದು. ಶ್ವಾಸಕೋಶದಲ್ಲಿ ನಾಳಗಳು ಮತ್ತೆ ಕವಲೊಡೆದು ಕಿರಿದಾಗುವುದರಿಂದ ಪಯಣ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಇನ್ನೆರಡು ವಿಚಿತ್ರಗಳಿವೆ. ಸೀಸ ಭಾರವಾದ ಲೋಹ. ಸಿರೆಯಲ್ಲಿ ನೆತ್ತರಿನ ಓಟ ನಿಧಾನ. ಆದಕಾರಣ ರೋಗಿ ಎದ್ದು ಕುಳಿತಾಗ, ಕೆಮ್ಮಿದಾಗ, ಗುಂಡು ಪ್ರವಾಹಕ್ಕೆ ಎದುರಾಗಿ ಕೆಳಕ್ಕೆ ಜಾರುವುದೂ ಉಂಟು. ಎರಡನೆಯದು ಇನ್ನೂ ಸೂಕ್ಷ್ಮ. ಮಗು ತಾಯಿಯ ಗರ್ಭದಲ್ಲಿರುವಾಗ ಹೃದಯದ ಬಲ ಎಡ ಮೇಲ್ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿಯಾಗಿ ಮುಚ್ಚಿರುವುದಿಲ್ಲ. ಅವರಿಗೆ ಅದು ಇದೆಯೆಂದೂ ತಿಳಿದಿರುವುದಿಲ್ಲ. ಅಂಥವರಲ್ಲಿ ಸಿರೆಯಿಂದ ಬಂದ ಸಣ್ಣ ಚರೆಯೊಂದು ಆ ಕಿಂಡಿಯಲ್ಲಿ ನುಸುಳಿ ಎಡಭಾಗಕ್ಕೆ ಹೋಗಿ, ಅಲ್ಲಿಂದ ಧಮನಿಯ ದಾರಿ ಹಿಡಿದು ಮಿದುಳಿಗಾಗಲಿ ಕಾಲಿಗಾಗಲಿ ಹೋಗಬಲ್ಲದು. ಹಳ್ಳದಲ್ಲಿ ಬಿದ್ದದ್ದು ನಾಲೆಯಲ್ಲಿ ಎದ್ದಂತೆ!

ಎಲ್ಲ ಗುಂಡುಗಳೂ ಹೀಗೆ ಅಲೆಯುವುದಿಲ್ಲ. ರಭಸವಾಗಿ ಬಂದ ಗುಂಡು ನಾಳವನ್ನು ತೂರಿಕೊಂಡು ಆಚೆಗೆ ಹೋಗಿಬಿಡುತ್ತದೆ. ನಾಳದ ಒಂದು ಗೋಡೆಯನ್ನು ತೂತುಮಾಡಿ, ಎದುರು ಗೋಡೆಯನ್ನು ತೂತುಮಾಡುವಷ್ಟು ಶಕ್ತಿ ಉಳಿಯದೆ ಒಳಗೇ ಬಿದ್ದುಹೋದ ಗುಂಡು ಮಾತ್ರ ತೇಲುತ್ತದೆ. ಎಂದರೆ ಅದು ಸಣ್ಣದಾಗಿರಬೇಕು, ಅದರ ವೇಗ ಇಂಗಿರಬೇಕು. ಐದೂವರೆ ಮಿಲಿಮೀಟರು ದಪ್ಪದ ಸಣ್ಣ ಪಿಸ್ತೂಲಿನ ಗುಂಡು, ತೋಟಾಕೋವಿಯ ಚರೆ, ಜಾತ್ರೆಯಲ್ಲಿ ಬಲೂನು ಹೊಡೆಯುವ ಗಾಳಿಕೋವಿಯ ನಾಲ್ಕೂವರೆ ಮಿಲಿಮೀಟರಿನ ಸೀಸದ ಕಾಳು ಇವೇ ಹೆಚ್ಚಾಗಿ ಈ ಕೆಲಸ ಮಾಡತಕ್ಕವು. ಗಾಳಿಕೋವಿ ಆಟದ ಸಾಮಾನೆಂದು ಮಕ್ಕಳ ಕೈಗೆ ಕೊಡುವವರು ಈ ಮಾತನ್ನು ಗಮನಿಸಬೇಕು. ಸುತ್ತಿಗೆಯ ಪೆಟ್ಟಿಗೆ ಸಿಡಿದ ಉಕ್ಕಿನ ಚೂರು, ಮೈಯಲ್ಲಿ ಮುರಿದ ಸೂಜಿ ಇಂಥವೂ ಹೃದಯದವರೆಗೆ ಹೋದದ್ದುಂಟು.

ವೈದ್ಯಗ್ರಂಥಗಳಲ್ಲಿ ಈ ಬಗೆಯ ಮೊದಲ ವರದಿಯೆಂದು ಹೇಳುವುದು ೧೮೩೪ರದನ್ನು. ಬರೆದವನು ಥಾಮಸ್ ಡೇವಿಸ್ ಎಂಬ ಇಂಗ್ಲೆಂಡಿನ ವೈದ್ಯ. ಹತ್ತು ವರ್ಷದ ಹುಡುಗನೊಬ್ಬ ತಾನೇ ಮಾಡಿಕೊಂಡ ಆಟದ ಕೋವಿಗೆ ಮದ್ದು ತುಂಬಿ ಸಿಡಿಸಿದಾಗ, ಅದರ ಹಿಂಬದಿಯ ಮರದ ಬಿರಡೆ ಎದೆಗೆ ಹೊಡೆಯಿತು. ಗಾಯ ಸಣ್ಣದು. ಹುಡುಗ ಕೆಲವು ದಿನ ಚೇತರಿಸಿಕೊಂಡಂತೆಯೇ ಇದ್ದು, ಐದು ವಾರಗಳ ಮೇಲೆ ತೀರಿಹೋದ. ಆಮೇಲೆ ನೋಡಿದರೆ ಮರದ ತುಂಡು ಹೃದಯದ ಬಲ ಕುಕ್ಷಿಯೊಳಗಿತ್ತು. ಇದು ಎಷ್ಟು ಅಪರೂಪವೆಂಬುದಕ್ಕೆ ಒಂದು ಲೆಕ್ಕವಿದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ವೈದ್ಯರು ಪಟ್ಟಿಮಾಡಿದ ಸುಮಾರು ೭,೫೦೦ ರಕ್ತನಾಳದ ಗಾಯಗಳಲ್ಲಿ ಹೀಗೆ ತೇಲಿಹೋದ ಚೂರುಗಳು ೨೨. ಸಾವಿರಕ್ಕೆ ಮೂರು. ಒಬ್ಬ ವೈದ್ಯ ತನ್ನ ಜೀವಮಾನದಲ್ಲಿ ಒಂದನ್ನೂ ಕಾಣದಿರಬಹುದು. ಅಪಾಯವಿರುವುದೇ ಅಲ್ಲಿ, ಎಂದೂ ಕಾಣದ್ದನ್ನು ಯಾರೂ ನೆನೆಯುವುದಿಲ್ಲ.

ಹಾಗಾದರೆ ಪತ್ತೆಮಾಡುವ ಬಗೆ ಹೇಗೆ? ಮೊದಲನೆಯ ಉಪಾಯ ಪ್ರಾಥಮಿಕ ಶಾಲೆಯ ಲೆಕ್ಕ. ಮೈಮೇಲಿನ ಗುಂಡಿನ ತೂತುಗಳನ್ನು ಎಣಿಸಿ, ಕ್ಷಕಿರಣದ ಚಿತ್ರದಲ್ಲಿ ಒಳಗೆ ಕಾಣುವ ಗುಂಡುಗಳನ್ನು ಎಣಿಸಿ, ಎರಡನ್ನೂ ಕೂಡಿಸಿ. ಮೊತ್ತ ಸಮಸಂಖ್ಯೆಯಾಗಿರಬೇಕು. ಒಂದು ಗುಂಡು ಹೊಕ್ಕು ಆಚೆಗೆ ಹೋಗಿದ್ದರೆ ತೂತು ಎರಡು, ಗುಂಡು ಸೊನ್ನೆ, ಮೊತ್ತ ಎರಡು. ಹೊಕ್ಕು ಒಳಗೇ ಉಳಿದಿದ್ದರೆ ತೂತು ಒಂದು, ಗುಂಡು ಒಂದು, ಆಗಲೂ ಎರಡು. ಹೊಟ್ಟೆಯ ಮೇಲೆ ಒಂದೇ ತೂತಿದ್ದು, ಹೊಟ್ಟೆಯ ಚಿತ್ರದಲ್ಲಿ ಗುಂಡೇ ಕಾಣದಿದ್ದರೆ ಮೊತ್ತ ಒಂದಾಯಿತು, ಬೆಸಸಂಖ್ಯೆ. ಲೆಕ್ಕ ತಾಳೆಯಾಗಲಿಲ್ಲ. ಗುಂಡು ಮಾಯವಾಗಲಿಲ್ಲ, ನೋಡದೆ ಇರುವ ಕಡೆ ಇದೆ. ಆಗ ಎದೆ, ಕತ್ತು, ತಲೆ, ತೊಡೆ, ಕಾಲು ಎಲ್ಲವುಗಳ ಚಿತ್ರವನ್ನೂ ತೆಗೆಯಬೇಕು. ಗುಂಡು ಒಳಗೆ ಒಡೆದು ಚೂರಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಆದರೂ ಎಚ್ಚರಿಸುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯ ಇನ್ನೊಂದಿಲ್ಲ. ಗಾಯದ ಬಾಯಿ ಚಿತ್ರದಲ್ಲಿ ಕಾಣಲೆಂದು ವೈದ್ಯರು ಅದರ ಮೇಲೆ ಒಂದು ತಂತಿಯ ತುಂಡನ್ನು ಅಂಟಿಸಿ ಚಿತ್ರ ತೆಗೆಯುವುದುಂಟು.

ಎರಡನೆಯ ಸುಳಿವು ಚಿತ್ರದಲ್ಲಿಯೇ ಇರುತ್ತದೆ. ಗುಂಡು ಇರಬೇಕಾದ ದಾರಿಯಿಂದ ಬಹುದೂರದಲ್ಲಿ ಕಂಡರೆ, ಅಥವಾ ಮೊದಲ ಚಿತ್ರದಲ್ಲಿ ಒಂದೆಡೆ, ಎರಡನೆಯ ಚಿತ್ರದಲ್ಲಿ ಇನ್ನೊಂದೆಡೆ ಕಂಡರೆ ಸಂಶಯಪಡಬೇಕು. ಹೃದಯದೊಳಗಿನ ಗುಂಡು ಪ್ರತಿ ಬಡಿತಕ್ಕೂ ಅಲುಗುವುದರಿಂದ, ಓಡುವ ಹುಡುಗನ ಭಾವಚಿತ್ರದಂತೆ ಅದರ ಅಂಚು ಕದಡಿರುತ್ತದೆ. ಮೂರನೆಯದು ರೋಗಿಯ ಮೈ ಹೇಳುವ ಸುಳಿವು. ಏಟು ಬಿದ್ದದ್ದು ಹೊಟ್ಟೆಗೆ. ಆದರೆ ಒಂದು ಕಾಲು ತಣ್ಣಗಾಗಿದೆ, ಬಿಳಿಚಿಕೊಂಡಿದೆ, ಜೋಮು ಹಿಡಿದಿದೆ, ಪಾದದ ನಾಡಿ ಸಿಕ್ಕುತ್ತಿಲ್ಲ. ಇದು ತೂಬು ಕಟ್ಟಿದ ಗದ್ದೆಯ ಸ್ಥಿತಿ. ಏಟು ಬಿದ್ದದ್ದು ಎದೆಗೆ. ಆದರೆ ಮಾತು ತೊದಲಿ ಒಂದು ಪಾರ್ಶ್ವ ಬಿದ್ದುಹೋಗಿದೆ. ಗುಂಡು ಮಿದುಳಿನ ಧಮನಿಗೆ ಹೋಗಿರಬಹುದು. ಧಮನಿಯ ಪಯಣ ಹೀಗೆ ಬೇಗ ತನ್ನನ್ನು ತೋರಿಸಿಕೊಳ್ಳುತ್ತದೆ. ಸಿರೆಯದು ಹಾಗಲ್ಲ. ಶ್ವಾಸಕೋಶಕ್ಕೆ ಹೋದ ಚರೆ ಅನೇಕ ವೇಳೆ ಏನೂ ತೊಂದರೆ ಕೊಡದೆ ಸುಮ್ಮನಿರುತ್ತದೆ. ದಿನಗಳು, ಕೆಲವೊಮ್ಮೆ ವರ್ಷಗಳು ಕಳೆದಮೇಲೆ ಉಬ್ಬಸವಾಗಿಯೋ ಎದೆನೋವಾಗಿಯೋ ಜ್ವರವಾಗಿಯೋ ತಲೆಯೆತ್ತುತ್ತದೆ.

ಹುಡುಕುವ ವಿದ್ಯೆ ಬೆಳೆದುಬಂದ ಕತೆಯಲ್ಲಿ ದುಃಖದ ಪುಟಗಳೂ ಇವೆ. ೧೮೮೧ನೆಯ ಜುಲೈ ೨ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ವಾಷಿಂಗ್ಟನ್ನಿನ ರೈಲುನಿಲ್ದಾಣದಲ್ಲಿ ಒಬ್ಬನು ಗುಂಡು ಹಾರಿಸಿದನು. ವೈದ್ಯರು ತೊಳೆಯದ ಬೆರಳನ್ನೂ ಸಲಾಕೆಯನ್ನೂ ಗಾಯದೊಳಗೆ ಮತ್ತೆ ಮತ್ತೆ ತೂರಿಸಿ ಹುಡುಕಿದರು. ಟೆಲಿಫೋನನ್ನು ಕಂಡುಹಿಡಿದ ಗ್ರಹಾಂ ಬೆಲ್ ಲೋಹವನ್ನು ಪತ್ತೆಮಾಡುವ ಯಂತ್ರವೊಂದನ್ನು ತಂದು ನೋಡಿದನು. ಮಂಚದ ಉಕ್ಕಿನ ಸುರುಳಿಗಳು ಯಂತ್ರದ ದನಿಯನ್ನು ಕೆಡಿಸಿದುವು. ಸೆಪ್ಟೆಂಬರ್ ೧೯ರಂದು ಅಧ್ಯಕ್ಷರು ಕೀವು ನಂಜಿನಿಂದ ತೀರಿಕೊಂಡರು. ವೈದ್ಯರು ಬಲಗಡೆ ಹುಡುಕುತ್ತಿದ್ದ ಗುಂಡು ಬೆನ್ನುಮೂಳೆಯ ಎಡಗಡೆಯಲ್ಲಿತ್ತು. ಸಾವಿಗೆ ಗುಂಡಿಗಿಂತ ಗುಂಡಿನ ಹುಡುಕಾಟವೇ ಹೆಚ್ಚು ಕಾರಣವೆಂದು ಈಗ ಅನೇಕರ ಅಭಿಪ್ರಾಯ. ಗಾಯವನ್ನು ಸುಮ್ಮನೆ ಕೊಯ್ದು ಹಿಗ್ಗಿಸಬಾರದೆಂದು ಜಾನ್ ಹಂಟರ್ ಎಂಬ ಶಸ್ತ್ರವೈದ್ಯನ ಗ್ರಂಥ ೧೭೯೪ರಲ್ಲಿಯೇ ಹೇಳಿತ್ತು. ನಮ್ಮ ಕೋಟೆಯ ಎರಡು ಮುತ್ತಿಗೆಗಳ ನಡುವಣ ಕಾಲವದು. ಕೇಳಿದವರು ಕಡಮೆ.

೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ ಕ್ಷಕಿರಣವನ್ನು ಕಂಡುಹಿಡಿದ ಮೇಲೆ ಹುಡುಕಾಟ ಬೆರಳಿನಿಂದ ಕಣ್ಣಿಗೆ ಬಂತು. ಭಾರತದಲ್ಲಿಯೂ ತಡವಾಗಲಿಲ್ಲ. ೧೮೯೭-೯೮ರಲ್ಲಿ ವಾಯವ್ಯ ಗಡಿನಾಡಿನ ತೀರಾ ದಂಡಯಾತ್ರೆಗೆ ಬೀವರ್ ಎಂಬ ಸೇನಾವೈದ್ಯನು ಕ್ಷಕಿರಣದ ಯಂತ್ರವನ್ನು ಬೆಟ್ಟದ ಮೇಲೆ ಹೊರಿಸಿಕೊಂಡು ಹೋಗಿ ಸಿಪಾಯಿಗಳ ಮೈಯೊಳಗಿನ ಗುಂಡುಗಳನ್ನು ನೋಡಿದನು. ಇಂದು ದೇಹವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರ, ಶಬ್ದತರಂಗಗಳಿಂದ ಹೃದಯದ ಒಳಗನ್ನು ಕಾಣಿಸುವ ಎಕೋ ಪರೀಕ್ಷೆ, ನಾಳಕ್ಕೆ ಬಣ್ಣದ ಮದ್ದನ್ನು ಕೊಟ್ಟು ತಡೆಯೆಲ್ಲಿದೆಯೆಂದು ನೋಡುವ ಆಂಜಿಯೋಗ್ರಾಂ ಇವು ದೊಡ್ಡ ಆಸ್ಪತ್ರೆಗಳಲ್ಲಿವೆ. ಕಾಂತಶಕ್ತಿಯ ಎಂ.ಆರ್.ಐ. ಯಂತ್ರವನ್ನು ಮಾತ್ರ ಗುಂಡು ಯಾವ ಲೋಹದ್ದೆಂದು ತಿಳಿಯದೆ ಬಳಸಬಾರದು. ಸೀಸಕ್ಕೆ ಕಾಂತದ ಸೆಳೆತವಿಲ್ಲ. ಉಕ್ಕು ಸೇರಿದ್ದರೆ ಅದು ಒಳಗೇ ಅಲುಗೀತು. ಕಚ್ಚಿಕೊಳ್ಳದ ಕಬ್ಬಿಣದ ಶಲ್ಯವನ್ನು ಸೂಜಿಗಲ್ಲಿನಿಂದ ಸೆಳೆಯಬಹುದೆಂದು ಸುಶ್ರುತನ ಹದಿನೈದು ಉಪಾಯಗಳಲ್ಲಿ ಒಂದಾಗಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು.

ಇನ್ನು ಚಿಕಿತ್ಸೆ. ಮೊದಲು ಜೀವ, ಆಮೇಲೆ ಗುಂಡು. ಗುಂಡು ಎಲ್ಲಿಗೇ ಹೋಗಿರಲಿ, ಅದು ನಾಳವನ್ನು ಹೊಕ್ಕ ಕಡೆ ಒಂದು ತೂತು ಇದ್ದೇ ಇದೆ. ಅಲ್ಲಿ ಸುರಿಯುವ ನೆತ್ತರನ್ನು ನಿಲ್ಲಿಸುವುದು ಮೊದಲನೆಯ ಕರ್ತವ್ಯ. ಅನಂತರ ಧಮನಿಯ ಗುಂಡಾದರೆ ತೆಗೆಯಲೇಬೇಕೆಂಬುದು ಸಾಮಾನ್ಯ ನಿಯಮ. ನೆತ್ತರಿಲ್ಲದ ಕಾಲು ಸುಮಾರು ಆರು ಗಂಟೆಗಳ ಕಾಲ ತಾಳಬಲ್ಲದು. ಆಮೇಲೆ ಕಳೆಯುವ ಒಂದೊಂದು ಗಂಟೆಯೂ ಕಾಲನ್ನು ಕಳೆದುಕೊಳ್ಳುವ ದಾರಿ. ೧೯೬೩ರಲ್ಲಿ ಥಾಮಸ್ ಫೋಗಾರ್ಟಿ ಎಂಬ ಅಮೆರಿಕದ ವೈದ್ಯನು ತುದಿಯಲ್ಲಿ ಪುಟ್ಟ ಬಲೂನಿರುವ ಸಣ್ಣ ಕೊಳವೆಯೊಂದನ್ನು ಲೋಕಕ್ಕೆ ತಿಳಿಸಿದನು. ಅದನ್ನು ನಾಳದೊಳಗೆ ತಡೆಯಿಂದಾಚೆಗೆ ತೂರಿಸಿ, ಬಲೂನನ್ನು ಉಬ್ಬಿಸಿ ಮೆಲ್ಲಗೆ ಹಿಂದಕ್ಕೆ ಎಳೆದರೆ ಹೆಪ್ಪುಗಟ್ಟಿದ ನೆತ್ತರು ಹೊರಬರುತ್ತದೆ. ಗುಂಡಿನ ಹಿಂದೆ ಮುಂದೆ ಕಟ್ಟಿದ ಹೆಪ್ಪನ್ನು ತೆಗೆಯಲು ಇದು ಬಹಳ ಉಪಕಾರಿ.

ಸಿರೆಯ ಗುಂಡಿನ ವಿಷಯದಲ್ಲಿ ವಿವೇಚನೆ ಬೇಕು. ಹೃದಯದಲ್ಲಿ ಸಡಿಲವಾಗಿ ಓಡಾಡುತ್ತಿದ್ದರೆ, ಎಡಭಾಗದಲ್ಲಿದ್ದರೆ, ಅಥವಾ ರೋಗಿಗೆ ಬಾಧೆ ಕೊಡುತ್ತಿದ್ದರೆ ತೆಗೆಯುತ್ತಾರೆ. ತೊಡೆಯ ಸಿರೆಯ ಮೂಲಕ ತಂತಿಯ ಕುಣಿಕೆಯನ್ನೋ ಸಣ್ಣ ಬುಟ್ಟಿಯಂಥ ಸಾಧನವನ್ನೋ ಕಳುಹಿಸಿ, ಕ್ಷಕಿರಣದ ತೆರೆಯಲ್ಲಿ ನೋಡುತ್ತ ನೋಡುತ್ತ ಗುಂಡನ್ನು ಹಿಡಿದು ಈಚೆಗೆ ತರುವುದು ಈಗ ಸಾಧ್ಯ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತುವವರಿಗೆ ಇದು ಅರ್ಥವಾದೀತು. ಆಗದಿದ್ದರೆ ಎದೆಯನ್ನು ತೆರೆದು ತೆಗೆಯಬೇಕು. ಹೃದಯವನ್ನು ಮುಟ್ಟಬಾರದೆಂಬ ಭಯ ಬಹುಕಾಲ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಡ್ವೈಟ್ ಹಾರ್ಕೆನ್ ಎಂಬ ಅಮೆರಿಕದ ಶಸ್ತ್ರವೈದ್ಯನು ಇಂಗ್ಲೆಂಡಿನ ಸೇನಾ ಆಸ್ಪತ್ರೆಯಲ್ಲಿ ಸಿಪಾಯಿಗಳ ಹೃದಯ ಮತ್ತು ಅದರ ಸುತ್ತಣ ಭಾಗದಿಂದ ೧೩೪ ಚೂರುಗಳನ್ನು ತೆಗೆದನು. ಅವುಗಳಲ್ಲಿ ೧೩ ಹೃದಯದ ಕೋಣೆಗಳ ಒಳಗೇ ಇದ್ದುವು. ಒಬ್ಬನೂ ಸಾಯಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯೆಂಬ ಶಾಸ್ತ್ರಕ್ಕೆ ಧೈರ್ಯ ಬಂದದ್ದು ಇಂಥ ಕೆಲಸಗಳಿಂದ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲ ವೈದ್ಯರೂ ಒತ್ತಿ ಹೇಳುತ್ತಾರೆ. ಕತ್ತಿಯಿಡುವ ಮುನ್ನ, ರೋಗಿಯನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ, ಮತ್ತೊಮ್ಮೆ ಚಿತ್ರ ತೆಗೆದು ನೋಡಬೇಕು. ಬೆಳಿಗ್ಗೆ ಹೃದಯದಲ್ಲಿದ್ದ ಗುಂಡು ಮಧ್ಯಾಹ್ನಕ್ಕೆ ಶ್ವಾಸಕೋಶಕ್ಕೆ ಹೋಗಿರಬಹುದು. ರೋಗಿಯನ್ನು ಮಗ್ಗುಲಿಗೆ ಹೊರಳಿಸಿದಾಗಲೂ ಜಾರಬಹುದು. ಸುಶ್ರುತನ ಕುಲುಕುವ ಗಾಡಿ ಇಂದು ಸಲ್ಲದೆಂದದ್ದು ಇದಕ್ಕಾಗಿಯೇ.

ತೆಗೆಯದೆ ಬಿಡುವುದೂ ಒಂದು ಚಿಕಿತ್ಸೆಯೆ. ಶ್ವಾಸಕೋಶದ ಕವಲಿನಲ್ಲಿ ಬಿಗಿಯಾಗಿ ಕುಳಿತು ಯಾವ ಬಾಧೆಯನ್ನೂ ಕೊಡದ ಸಣ್ಣ ಚರೆಯನ್ನು, ಆಗಾಗ ಪರೀಕ್ಷೆಮಾಡುತ್ತ ಹಾಗೆಯೇ ಬಿಡುವುದುಂಟು. ಇದನ್ನು ಕೇಳಿದರೆ ಮನೆಯವರು ಒಪ್ಪುವುದು ಕಷ್ಟ. ಗುಂಡನ್ನು ಕೈಯಲ್ಲಿ ಹಿಡಿದು ನೋಡುವ ತನಕ ಅವರಿಗೆ ಸಮಾಧಾನವಿಲ್ಲ. ಸುಶ್ರುತನ ಶಾರೀರಸ್ಥಾನದಲ್ಲಿ ಮರ್ಮಗಳನ್ನು ಹೇಳುವಾಗ ‘ವಿಶಲ್ಯಘ್ನ’ವೆಂಬ ಮೂರು ಮರ್ಮಗಳು ಬರುತ್ತವೆ. ಎರಡು ಕಪೋಲಗಳ ಮೇಲ್ಗಡೆ, ಒಂದು ಹುಬ್ಬುಗಳ ನಡುವೆ. ಅಲ್ಲಿ ನೆಟ್ಟ ಶಲ್ಯ ಇರುವವರೆಗೆ ಮನುಷ್ಯ ಬದುಕಿರುತ್ತಾನೆ, ಕಿತ್ತರೆ ಸಾಯುತ್ತಾನೆ ಎಂದು ಆ ಹೆಸರಿನ ಅರ್ಥ. ಕೀಳುವುದು ಶೌರ್ಯವೆಂದು ತಿಳಿದವರಿಗೆ ಕೀಳದಿರುವುದೂ ವಿದ್ಯೆಯೆಂದು ಆ ಒಂದು ಪದ ಹೇಳುತ್ತದೆ. ಉಳಿದ ಗುಂಡನ್ನು ಮರೆತುಬಿಡಬಾರದು, ಅಷ್ಟೆ. ಕೀಲಿನ ರಸದಲ್ಲಿ ಸೀಸ ಕರಗಿ ಮೈಗೆ ವಿಷವೇರುವುದುಂಟು. ಆದ್ದರಿಂದ ಕ್ಷಕಿರಣದ ಚಿತ್ರ ಮತ್ತು ಆಸ್ಪತ್ರೆಯ ಚೀಟಿಗಳನ್ನು ಹೊಲದ ಪತ್ರದಷ್ಟೇ ಜೋಪಾನವಾಗಿಟ್ಟು, ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ತೋರಿಸಬೇಕು.

ಕೊನೆಯದಾಗಿ ನಮ್ಮ ಕರ್ತವ್ಯ. ಕಬ್ಬಿನ ಗದ್ದೆಗೆ ಹಂದಿ ಬೀಳುವ ಊರುಗಳಲ್ಲಿ, ಮಲೆನಾಡಿನ ತೋಟಗಳಲ್ಲಿ, ನಾಡಕೋವಿಯ ಚರೆ ತಗುಲಿದವರು ಪೋಲೀಸಿನ ಭಯದಿಂದ ಗಾಯವನ್ನು ಮುಚ್ಚಿಡುವುದು, ಸೊಪ್ಪು ಅರೆದು ಕಟ್ಟುವುದು, ಕಾಸಿದ ಚಿಮಟದಿಂದ ತಾವೇ ಕೆದಕುವುದು ಇವೆಲ್ಲ ಇಂದಿಗೂ ನಿಂತಿಲ್ಲ. ಸಣ್ಣ ತೂತು, ನೆತ್ತರೂ ನಿಂತಿತು, ಇನ್ನೇನು ಎಂಬ ಧೈರ್ಯ. ಸಣ್ಣ ತೂತಿನ ಸಣ್ಣ ಚರೆಯೇ ಪಯಣ ಹೊರಡುವುದೆಂಬುದನ್ನು ಈಗ ಕೇಳಿದಿರಿ. ಆಸ್ಪತ್ರೆಯವರು ಪೋಲೀಸರಿಗೆ ತಿಳಿಸುವುದು ನಿಜ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಾಗಿಲ್ಲ. ಗಾಯಗೊಂಡವನ ಜೀವರಕ್ಷಣೆ ಮೊದಲು, ಕಾನೂನಿನ ವಿಧಿಗಳು ಆಮೇಲೆ, ಇದು ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಸಮಾನವಾದ ಕರ್ತವ್ಯವೆಂದು ನಮ್ಮ ಸುಪ್ರೀಂ ಕೋರ್ಟು ೧೯೮೯ರಲ್ಲಿ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಮೊಕದ್ದಮೆಯಿಂದ ಬಿಡಿಸಿಕೊಳ್ಳಲು ವರ್ಷಗಳಿವೆ. ಕಾಲನ್ನು ಉಳಿಸಿಕೊಳ್ಳಲು ಗಂಟೆಗಳಷ್ಟೇ ಇವೆ.

ಮಾಡತಕ್ಕದ್ದು ಇಷ್ಟು. ನೆತ್ತರು ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿಹಿಡಿಯಿರಿ. ಬೆರಳು, ಕಡ್ಡಿ, ಚಿಮಟ ಯಾವುದನ್ನೂ ಒಳಗೆ ಹಾಕಬೇಡಿ. ಗಾಯಾಳುವನ್ನು ನಡೆಸಬೇಡಿ, ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ಕುಲುಕಿಸಿಕೊಂಡು ಹೋಗಬೇಡಿ. ೧೦೮ಕ್ಕೆ ಹೇಳಿ, ಮಲಗಿಸಿ ಸಾಗಿಸಿ. ಎಷ್ಟು ಹೊತ್ತಿಗೆ ಏಟು ಬಿತ್ತು, ಯಾವ ಬಗೆಯ ಕೋವಿ, ಎಷ್ಟು ಏಟು ಎಂಬುದನ್ನು ಮರೆಮಾಚದೆ ವೈದ್ಯರಿಗೆ ತಿಳಿಸಿ. ಅವರ ಲೆಕ್ಕಕ್ಕೆ ಆ ಅಂಕಿಗಳೇ ಆಧಾರ. ಗಾಯ ಮಾಯ್ದ ಮೇಲೂ ಕೈಕಾಲು ತಣ್ಣಗಾದರೆ, ಉಸಿರು ಕಟ್ಟಿದರೆ, ಕಾರಣವಿಲ್ಲದೆ ಜ್ವರ ಬಂದರೆ, ಹಳೆಯ ಗುಂಡೇಟಿನ ಸುದ್ದಿಯನ್ನು ವೈದ್ಯರಿಗೆ ಮೊದಲು ಹೇಳಿ.

ಶಲ್ಯವೆಂದರೆ ಚಲಿಸುವುದೆಂದು ಮೊದಲಿಗೆ ಹೇಳಿದೆ. ಅದು ಚಲಿಸುವುದಕ್ಕಿಂತ ಮುಂಚೆ ನಾವು ಆಸ್ಪತ್ರೆಗೆ ಚಲಿಸಿದರೆ ಆ ಪದದ ಅರ್ಥವನ್ನು ಸರಿಯಾಗಿ ತಿಳಿದಂತಾಗುತ್ತದೆ.